ಕರಾಟೆ ಮಾಡುವವರು ಜೂಡೋ ಸೇರಿದರೆ ಮೊದಲು ಏನನ್ನು ತಿದ್ದಿಕೊಳ್ಳಬೇಕು?

ಪ್ರಶ್ನೆ: ಶೋಟೋಕಾನ್ ಕರಾಟೆಯಲ್ಲಿ ಕಂದು ಬೆಲ್ಟ್ ಆಗಿದೆ. ಈಗ ಜೂಡೋ ಕೂಡ ಕಲಿಯಬೇಕು ಅಂತಿದ್ದೇನೆ, ಕರಾಟೆ ಬಿಡಲ್ಲ. ಕರಾಟೆಯ ಯಾವ ಅಭ್ಯಾಸ ಅಲ್ಲಿ ಕೈಹಿಡಿಯುತ್ತೆ, ಯಾವುದು ಕೈಕೊಡುತ್ತೆ? ಈಗಿರುವ ಗೀ (ಅಭ್ಯಾಸದ ಉಡುಪು) ಸಾಕಾ?

ಉತ್ತರ 1: ಎಸೆಯೋದು ಆಮೇಲೆ, ಮೊದಲು ಬೀಳೋದು ಕಲೀರಿ. ಕರಾಟೆಯವರು ಹಿಂದಕ್ಕೆ ಬೀಳುವಾಗ ತಟ್ಟನೆ ಕೈ ಊರುತ್ತಾರೆ. ಇಡೀ ಮೈಭಾರ ಅಂಗೈ ಮೇಲೆ ಬಂದು ಮಣಿಕಟ್ಟು, ಮೊಣಕೈ, ಕೆಲವೊಮ್ಮೆ ಕಾಲರ್ ಬೋನ್‌ಗೆ ಪೆಟ್ಟಾಗೋದು ಹೀಗೇ. ಉಷಿರೊ ಉಕೆಮಿಯಲ್ಲಿ (ಪೆಟ್ಟಾಗದಂತೆ ಹಿಂದಕ್ಕೆ ಬೀಳೋದು) ಗದ್ದ ಎದೆಗೆ ಒತ್ತಿರಲಿ, ಕಣ್ಣು ನಿಮ್ಮ ಬೆಲ್ಟಿನ ಗಂಟಿನ ಮೇಲಿರಲಿ, ಬೆನ್ನು ದುಂಡಗಿರಲಿ. ಬೆನ್ನು ಮ್ಯಾಟಿಗೆ ತಾಗುವ ಹೊತ್ತಿಗೇ ಉಸಿರು ಬಿಡುತ್ತಾ ಎರಡೂ ಕೈಯನ್ನು ಮೈಯಿಂದ 30–45 ಡಿಗ್ರಿ ದೂರದಲ್ಲಿ ಬಡಿಯಬೇಕು. ಕೈ ಭುಜದ ಮಟ್ಟಕ್ಕೆ ಏರಿತೋ, ಪೆಟ್ಟೆಲ್ಲ ಭುಜಕ್ಕೇ. ಮೊದಲು ಕೂತು, ಆಮೇಲೆ ಕುಕ್ಕರಗಾಲಲ್ಲಿ, ಕೊನೆಗೆ ನಿಂತು. ಯೋಚಿಸದೆಯೇ ಗದ್ದ ಒಳಗೆ ಬರುವ ತನಕ ರಾಂಡೋರಿಗೆ (ಜೂಡೋದ ಮುಕ್ತ ಸೆಣಸಾಟದ ಅಭ್ಯಾಸ) ಇಳಿಯಲೇಬೇಡಿ.

ಗೀ ಸಾಲದು. ಕರಾಟೆ ಗೀ ಬಟ್ಟೆ ತೆಳು, ನಾಲ್ಕು ಸಲ ಹಿಡಿದೆಳೆದರೆ ತೋಳಿನ ಹೊಲಿಗೆ ಬಿಡುತ್ತೆ. ಬೆಲ್ಟ್ ಬಿಳಿಯದ್ದೇ ಕಟ್ಟಿ.

ಉತ್ತರ 2: ಇನ್ನೊಂದು ತೊಂದರೆ ನಿಲುವಿನದು. ಕರಾಟೆಯ ಜೆಂಕುತ್ಸು ದಾಚಿ ನಿಲುವಿನಲ್ಲಿ ಕಾಲು ಅಗಲಿಸಿ ಮುಂದಿನ ಕಾಲಿಗೆ ಭಾರ ಕೊಟ್ಟು ನಿಲ್ತೀರಿ. ಜೂಡೋದಲ್ಲಿ ಆ ಕಾಲಿನ ಹಿಮ್ಮಡಿಯನ್ನು ಒಳಗಿನಿಂದ ಪಾದದಲ್ಲಿ ಸೆಳೆದರೆ (ಕೋಉಚಿ ಗಾರಿ) ಎತ್ತಿಕೊಳ್ಳಲು ಸಮಯವೇ ಸಿಗಲ್ಲ. ಪಾದಗಳ ನಡುವೆ ಭುಜದಷ್ಟೇ ಅಂತರ, ಮಂಡಿ ಸಡಿಲ, ನಡೆಯುವಾಗ ಪಾದ ಮ್ಯಾಟನ್ನು ಸವರಿಕೊಂಡೇ ಹೋಗಲಿ.

ಎರಡನೆಯದು ಬಿಗಿದ ಕೈ. ಎದುರಾಳಿಯನ್ನು ದೂರ ಇಡೋಕೆ ತೋಳು ನೆಟ್ಟಗೆ ಚಾಚಿ ಹಿಡಿದರೆ ಎರಡು ನಷ್ಟ: ನಿಮ್ಮ ಎಸೆತಕ್ಕೆ ಒಳಗೆ ಹೋಗಲಾಗಲ್ಲ, ಅವರು ಆ ತೋಳಿನ ಕೆಳಗೇ ನುಸುಳಿ ಇಪ್ಪೋನ್ ಸೆಯೊಯ್ ನಾಗೆ (ಒಂದು ತೋಳು ಹಿಡಿದು ಭುಜದ ಮೇಲಿಂದ ಎಸೆಯೋದು) ಹಾಕ್ತಾರೆ. ಹಿಡಿತ ಕಿರುಬೆರಳು, ಉಂಗುರ ಬೆರಳಿನಲ್ಲಿರಲಿ, ಮೊಣಕೈ ಸಡಿಲವಾಗಿರಲಿ.

ಕೈಹಿಡಿಯುವುದೂ ಇದೆ. ಕುಮಿತೆಯಲ್ಲಿ (ಕರಾಟೆಯ ಸೆಣಸಾಟ) ಆಶಿ ಬರಾಯ್ (ಪಾದದಿಂದ ಎದುರಾಳಿಯ ಕಾಲು ಸವರಿ ಕೆಡವೋದು) ಮಾಡಿದವರಿಗೆ ಕಾಲಿನ ಮೇಲೆ ಭಾರ ಬೀಳುವ ಕ್ಷಣ ಗೊತ್ತಾಗುತ್ತೆ. ಜೂಡೋದ ಡೆಆಶಿ ಬರಾಯ್‌ಗೆ (ಮುಂದಿಟ್ಟ ಕಾಲನ್ನು ಸವರಿ ಕೆಡವೋದು) ಬೇಕಾದ್ದೂ ಅದೇ. ಒಂದೇ ಎಚ್ಚರ: ಕರಾಟೆಯಲ್ಲಿ ಏಟು ಮುಟ್ಟಿದಲ್ಲಿ ಮೈ ಬಿಗಿದು ನಿಲ್ಲಿಸ್ತೀವಿ, ಜೂಡೋದಲ್ಲಿ ಹಾಗೆ ನಿಂತರೆ ಎಸೆತ ಅರ್ಧಕ್ಕೇ ಸಾಯುತ್ತೆ. ಎದುರಾಳಿಯ ಬೆನ್ನು ಮ್ಯಾಟಿಗೆ ಬೀಳುವ ತನಕ ಸೊಂಟ ತಿರುಗುತ್ತಲೇ ಇರಬೇಕು, ತಲೆಯೂ ಜೊತೆಗೇ.

ಪ್ರಶ್ನೆ ಕೇಳಿದವರು: ಧನ್ಯವಾದ. ವಾರದಲ್ಲಿ ಎರಡನ್ನೂ ಹೇಗೆ ಹೊಂದಿಸೋದು? ಕರಾಟೆ ಕೆಡುತ್ತಾ?

ಉತ್ತರ 3: ಎರಡು ದಿನ ಅದು, ಎರಡು ದಿನ ಇದು. ರಾಂಡೋರಿಯ ಮರುದಿನ ಕುಮಿತೆ ಬೇಡ, ಕತಾ (ಒಬ್ಬರೇ ಮಾಡುವ ಕ್ರಮಬದ್ಧ ಚಲನೆಗಳು) ಮಾಡಿ. ಬೆರಳು, ಮುಂಗೈ ಸೋತಿರುತ್ತವೆ. ಕರಾಟೆ ಕೆಡೋದು ಒಂದೇ ಕಡೆ: ಹಿಡಿತದ ರೂಢಿಗೆ ಕೈ ಎದೆಯ ಮುಂದೆ ಚಾಚಿಕೊಂಡು ಹತ್ತಿರ ಹೋಗಿಬಿಡ್ತೀರಿ, ಆಗ ಗ್ಯಾಕು ಜುಕಿ (ಹಿಂದಿನ ಕೈಯ ಗುದ್ದು) ನೇರ ಬಂದು ಕೂರುತ್ತೆ. ಕುಮಿತೆಗೆ ಮುಂಚೆ ಐದು ನಿಮಿಷ ಬರೀ ಅಂತರದ ಅಭ್ಯಾಸ ಮಾಡಿ.

ಉಗುರು ಕತ್ತರಿಸಿಕೊಂಡು ಹೋಗಿ. ಕೈಮಡಚು, ಕತ್ತುಹಿಸುಕು ಬಿಗಿಯಾಗುವ ಮೊದಲೇ ಎರಡು ಸಲ ತಟ್ಟಿ ಸೋಲೊಪ್ಪಿಬಿಡಿ. ಇಬ್ಬರು ಗುರುಗಳಿಗೂ ವಿಷಯ ತಿಳಿಸಿರಿ, ಗಾಯವಾದಾಗ ಅಭ್ಯಾಸ ಎಷ್ಟು ಇಳಿಸಬೇಕು ಅಂತ ಅವರೇ ಹೇಳ್ತಾರೆ.