ಕಿಲಿಮಂಜಾರೊಗೆ ಹೊರಟಿದ್ದೀರಾ? ಟ್ರೆಕ್ ಲೀಡರ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಈ ವಾರದ ವಿಷಯ ಆಫ್ರಿಕಾದ ಕಿಲಿಮಂಜಾರೊ ಪರ್ವತ. ಉತ್ತರ ಕೊಡುವವರು ನಮ್ಮ ಗುಂಪಿನವರೇ. ಬೆಂಗಳೂರಿನಿಂದ ತಂಡ ಕಟ್ಟಿಕೊಂಡು ಟಾಂಜಾನಿಯಾಗೆ ಹೋಗಿಬರುವ ಟ್ರೆಕ್ ಲೀಡರ್. ಕಂಪನಿ ಹೆಸರು ಕೇಳಬೇಡಿ, ಇಲ್ಲಿ ಪ್ರಚಾರ ಬೇಡ ಅಂತ ಅವರೇ ಹೇಳಿದ್ದಾರೆ. ಮಾತ್ರೆ, ಕಾಯಿಲೆ ವಿಷಯದಲ್ಲಿ ಕೊನೆಯ ಮಾತು ನಿಮ್ಮ ಡಾಕ್ಟರದ್ದು.

ಪ್ರಶ್ನೆ (ದಾವಣಗೆರೆ): ಸರ್, ಕುಮಾರಪರ್ವತ ಒಂದೇ ದಿನದಲ್ಲಿ ಹತ್ತಿ ಇಳಿದಿದ್ದೇನೆ. ಜಿಮ್‌ಗೂ ಹೋಗುತ್ತೇನೆ. 5 ದಿನದ ಪ್ಯಾಕೇಜ್ ಸಾಕಲ್ವಾ? 7-8 ದಿನದ್ದು ತುಂಬಾ ದುಬಾರಿ.

ಉತ್ತರ: ಸಾಲದು. ನಿಮ್ಮ ಕಾಲಿನ ಬಗ್ಗೆ ನನಗೆ ಅನುಮಾನವೇ ಇಲ್ಲ, ಅದು ಇಲ್ಲಿನ ಸಮಸ್ಯೆಯೂ ಅಲ್ಲ. ಕುಮಾರಪರ್ವತ 1,712 ಮೀಟರ್. ನಮ್ಮ ರಾಜ್ಯದಲ್ಲೇ ಎತ್ತರದ ಮುಳ್ಳಯ್ಯನಗಿರಿ 1,930. ಕಿಲಿಮಂಜಾರೊದ ಮಚಾಮೆ ದಾರಿಯ ಗೇಟು ಇರುವುದೇ ಹೆಚ್ಚುಕಡಿಮೆ 1,800 ಮೀಟರ್‌ನಲ್ಲಿ. ನಮ್ಮ ಬೆಟ್ಟಗಳು ಮುಗಿಯುವ ಕಡೆ ಅಲ್ಲಿ ನಡಿಗೆ ಶುರುವಾಗುತ್ತದೆ. ತುದಿ, ಅಂದರೆ ಉಹುರು ಪೀಕ್, 5,895 ಮೀಟರ್. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಅರ್ಧದಷ್ಟು.

ನೀವು ಹೇಳುವ 5 ದಿನದ ಪ್ಯಾಕೇಜ್ ಮರಂಗು ದಾರಿಯದು ಇರಬೇಕು. ಅದರ ರಾತ್ರಿಗಳನ್ನು ನೋಡಿ. ಮೊದಲ ರಾತ್ರಿ ಮಂದಾರ ಹಟ್, ಸುಮಾರು 2,700 ಮೀಟರ್. ಎರಡನೇ ರಾತ್ರಿ ಹೊರೊಂಬೊ, 3,700. ಮೂರನೇ ರಾತ್ರಿ ಕಿಬೊ ಹಟ್, 4,700. ಅವತ್ತೇ ನಡುರಾತ್ರಿ ಎಬ್ಬಿಸಿ ತುದಿಗೆ ಹೊರಡಿಸುತ್ತಾರೆ. ಪರ್ವತ ವೈದ್ಯರು ಏನು ಹೇಳುತ್ತಾರೆ ಗೊತ್ತಾ? 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರಬಾರದು, 3-4 ದಿನಕ್ಕೊಮ್ಮೆ ಏರದೆ ನಿಲ್ಲಬೇಕು. ಈ ಪ್ಯಾಕೇಜ್ ಅದರ ಎರಡರಷ್ಟು ವೇಗದಲ್ಲಿ ಏರಿಸುತ್ತದೆ. ರಕ್ತ, ಉಸಿರಾಟ, ಮೂತ್ರಪಿಂಡ ಎಲ್ಲ ಹೊಸ ಗಾಳಿಗೆ ಹೊಂದಿಕೊಳ್ಳಲು ದಿನಗಳು ಬೇಕು. ಜಿಮ್ಮಿನಲ್ಲಿ ಅದನ್ನು ಮುಂಗಡವಾಗಿ ಸಂಪಾದಿಸಲು ಆಗುವುದಿಲ್ಲ.

ದುಡ್ಡಿದ್ದರೆ 8 ದಿನದ ಲೆಮೊಶೊ ದಾರಿ, ಇಲ್ಲದಿದ್ದರೆ 7 ದಿನದ ಮಚಾಮೆ. ಎರಡರಲ್ಲೂ ಒಂದು ದಿನ ಸುಮಾರು 4,600 ಮೀಟರ್‌ನ ಲಾವಾ ಟವರ್‌ವರೆಗೆ ಹತ್ತಿಸಿ, ಅಲ್ಲಿ ಊಟ ಮಾಡಿಸಿ, ಮಲಗಲು 3,950ರ ಹತ್ತಿರದ ಬರಾಂಕೊ ಕ್ಯಾಂಪಿಗೆ ಇಳಿಸುತ್ತಾರೆ. ಹತ್ತಿದ್ದನ್ನೆಲ್ಲ ಇಳಿಸಿದರಲ್ಲ ಅಂತ ಜನ ಗೊಣಗುತ್ತಾರೆ. ಇಡೀ ಟ್ರೆಕ್‌ನಲ್ಲಿ ನಿಮಗೆ ಅತಿ ಹೆಚ್ಚು ಉಪಕಾರ ಮಾಡುವ ದಿನ ಅದೇ.

ಅದೇ ಸದಸ್ಯರು: ಆದರೂ ಫಿಟ್ ಇರುವವರಿಗೆ ಅನುಕೂಲ ಇರಲ್ವಾ ಸರ್?

ಉತ್ತರ: ಸುಸ್ತು ಕಡಿಮೆ, ಅಷ್ಟೇ. ಆಮ್ಲಜನಕ ಸಾಲದೆ ಬರುವ ಎತ್ತರದ ಕಾಯಿಲೆ ಫಿಟ್‌ನೆಸ್ ನೋಡಿ ಬರುವುದಿಲ್ಲ. ನಿಜ ಹೇಳಬೇಕೆಂದರೆ ನನಗೆ ಭಯ ಆಗುವುದು ಮ್ಯಾರಥಾನ್ ಓಡುವ ಹುಡುಗರನ್ನು ಕಂಡಾಗ. ಅವರಿಗೆ ನಿಧಾನವಾಗಿ ನಡೆಯಲು ಬರುವುದಿಲ್ಲ. ಅಲ್ಲಿನ ಗೈಡ್‌ಗಳು ದಿನವಿಡೀ ‘ಪೋಲೆ ಪೋಲೆ’ ಅನ್ನುತ್ತಿರುತ್ತಾರೆ, ನಿಧಾನ ನಿಧಾನ ಅಂತ. ತೇರು ಎಳೆಯುವಾಗ ಜನ ಇಡುವ ಹೆಜ್ಜೆ ನೋಡಿದ್ದೀರಲ್ಲ, ಆ ವೇಗ. ಮಾತಾಡುತ್ತಾ ನಡೆಯಲು ಆಗುತ್ತಿಲ್ಲ ಅಂದರೆ ನೀವು ಜೋರಾಗಿ ಹೋಗುತ್ತಿದ್ದೀರಿ ಅಂತಲೇ ಲೆಕ್ಕ.

ಪ್ರಶ್ನೆ (ಹುಬ್ಬಳ್ಳಿ): ಗೈಡ್ ಇಲ್ಲದೆ ಹೋದರೆ ಖರ್ಚು ಕಡಿಮೆ ಆಗ್ತದೇನ್ರಿ? ಒಬ್ಬೊಬ್ಬರು 1,200 ಡಾಲರ್ ಅಂತಾರ, ಇನ್ನೊಬ್ಬರು 2,500 ಅಂತಾರ. ಯಾರನ್ನ ನಂಬೋದು?

ಉತ್ತರ: ಗೈಡ್ ಇಲ್ಲದೆ ಬಿಡುವುದಿಲ್ಲ. 1991ರಿಂದ ನೋಂದಾಯಿತ ಗೈಡ್ ಕಡ್ಡಾಯ. ಇನ್ನು ರೇಟಿನ ವಿಷಯ, ನೀವೇ ಲೆಕ್ಕ ಹಾಕಿ. ಪಾರ್ಕಿನ ಪ್ರವೇಶ ಶುಲ್ಕ ವಿದೇಶಿ ವಯಸ್ಕರಿಗೆ ದಿನಕ್ಕೆ 70 ಡಾಲರ್. ಟೆಂಟ್ ಹಾಕಲು ರಾತ್ರಿಗೆ 50. ರಕ್ಷಣಾ ಶುಲ್ಕ ಒಂದು ಸಲಕ್ಕೆ 20. ಇದರ ಮೇಲೆ 18 ಶೇಕಡಾ ತೆರಿಗೆ. 7 ದಿನ, 6 ರಾತ್ರಿಗೆ ಕೂಡಿಸಿದರೆ ಸರ್ಕಾರಕ್ಕೇ ಸುಮಾರು 955 ಡಾಲರ್ ಹೋಗುತ್ತದೆ. ಶುಲ್ಕ ಆಗಾಗ ಬದಲಾಗುತ್ತದೆ, ಬುಕ್ ಮಾಡುವಾಗ ಇನ್ನೊಮ್ಮೆ ನೋಡಿಕೊಳ್ಳಿ.

ಈಗ 1,200ಕ್ಕೆ 7 ದಿನ ಕರೆದುಕೊಂಡು ಹೋಗುತ್ತೇನೆ ಅನ್ನುವವನ ಕೈಯಲ್ಲಿ ಉಳಿಯುವುದು ಸುಮಾರು 245. ಅದರಲ್ಲಿ ವಾರದ ಊಟ, ಟೆಂಟ್, ಗಾಡಿ, ಗೈಡ್, ಅಡುಗೆಯವನು, ಹೊರೆ ಹೊರುವ ಪೋರ್ಟರ್‌ಗಳು. ಒಬ್ಬ ಚಾರಣಿಗನ ಹಿಂದೆ ಮೂರು-ನಾಲ್ಕು ಜನ ಕೆಲಸ ಮಾಡುತ್ತಾರೆ. ದುಡ್ಡು ಎಲ್ಲಿ ಉಳಿಸುತ್ತಾರೆ ಅಂತ ಬಿಡಿಸಿ ಹೇಳಬೇಕಾ? ಪೋರ್ಟರ್‌ಗೆ ಕೂಲಿ ಇಲ್ಲ, ಒಂದೇ ಹೊತ್ತು ಊಟ, ರಾತ್ರಿ ಹೊದಿಯಲು ತೆಳು ಕಂಬಳಿ. ಬುಕ್ ಮಾಡುವ ಮೊದಲು ಒಂದೇ ಪ್ರಶ್ನೆ ಕೇಳಿ: ಪೋರ್ಟರ್‌ಗಳ ಹಿತ ನೋಡಿಕೊಳ್ಳುವ ಕೆಪ್ಯಾಪ್ ಸಂಸ್ಥೆಯ ಪಾಲುದಾರರಾ ನೀವು? ಅಂತ. ಪೂರ್ತಿ ಹೆಸರು ಕಿಲಿಮಂಜಾರೊ ಪೋರ್ಟರ್ಸ್ ಅಸಿಸ್ಟೆನ್ಸ್ ಪ್ರಾಜೆಕ್ಟ್. ಪಾಲುದಾರರ ಪಟ್ಟಿ ಅವರಲ್ಲೇ ಸಿಗುತ್ತದೆ.

ಟಿಪ್ಸ್ ಬೇರೆ, ಅದನ್ನು ಮೊದಲೇ ಎತ್ತಿಡಿ. ಮುಖ್ಯ ಗೈಡ್‌ಗೆ ದಿನಕ್ಕೆ ಸುಮಾರು 20 ಡಾಲರ್, ಪೋರ್ಟರ್‌ಗೆ ತಲಾ 6ರಿಂದ 10. ಇದು ಇಡೀ ತಂಡ ಸೇರಿ ಕೊಡುವ ಮೊತ್ತ, ಒಬ್ಬೊಬ್ಬರೂ ಕೊಡುವುದಲ್ಲ. ಹಾಗೇ ನಿಮ್ಮ ದೊಡ್ಡ ಬ್ಯಾಗು 15 ಕೆಜಿ ದಾಟಬಾರದು. ಪೋರ್ಟರ್ ಹೊರಬಹುದಾದ ತೂಕಕ್ಕೆ ಪಾರ್ಕಿನವರು 20 ಕೆಜಿ ಮಿತಿ ಇಟ್ಟಿದ್ದಾರೆ. ಗೇಟಿನಲ್ಲಿ ತಕ್ಕಡಿ ಇರುತ್ತದೆ.

ಪ್ರಶ್ನೆ (ಮೈಸೂರು): ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ತಯಾರಿ ಮಾಡಬಹುದಾ ಸರ್?

ಉತ್ತರ: ಒಳ್ಳೆಯ ಜಾಗ. ಬೆನ್ನಿಗೆ 6-7 ಕೆಜಿ ಹಾಕಿಕೊಳ್ಳಿ. ಶನಿವಾರ ಹತ್ತಿದರೆ ಭಾನುವಾರವೂ ಹತ್ತಿ. ದಣಿದ ಕಾಲಲ್ಲಿ ಮರುದಿನ ನಡೆಯುವುದೇ ಅಭ್ಯಾಸ ಆಗಬೇಕಾದದ್ದು. ಆಟೊ ಹಿಡಿದು ಇಳಿಯಬೇಡಿ, ಮೆಟ್ಟಿಲಲ್ಲೇ ಇಳಿಯಿರಿ. ತುದಿ ಮುಟ್ಟಿದ ದಿನವೇ 2,800 ಮೀಟರ್‌ನಷ್ಟು ಕೆಳಗಿಳಿದು ಮ್ವೇಕಾ ಕ್ಯಾಂಪ್ ಸೇರಬೇಕು. ಮಂಡಿ ಅಳುವುದು ಆಗ. ಮೂರು ತಿಂಗಳು ಬೇಕು. ಶೂ ಕೂಡ ಇದರಲ್ಲೇ ಪಳಗಲಿ, ಹೊಸ ಶೂ ಅಲ್ಲಿ ಬಿಚ್ಚಬೇಡಿ. ಹೊರಡುವ ಮುಂಚೆ ಕಾಲುಗುರು ಚೆನ್ನಾಗಿ ಕತ್ತರಿಸಿ, ಇಲ್ಲದಿದ್ದರೆ ಇಳಿಯುವಾಗ ಶೂ ಮೂತಿಗೆ ಗುದ್ದಿ ಗುದ್ದಿ ಕಪ್ಪಾಗುತ್ತದೆ.

ಪ್ರಶ್ನೆ (ಬೆಂಗಳೂರು): ಹೋದ ವರ್ಷ ಹಿಮಾಲಯದ ಕೇದಾರಕಂಠ ಟ್ರೆಕ್ ಮಾಡಿದ್ದೇನೆ. ದೇಹ ಎತ್ತರಕ್ಕೆ ಒಗ್ಗಿರುತ್ತಲ್ವಾ? ಎತ್ತರದ ಕಾಯಿಲೆಗೆ ಡೈಮಾಕ್ಸ್ ಮಾತ್ರೆ ಬೇಕಾ? ಕರ್ಪೂರ ಮೂಸಿದರೆ ಸಾಕು ಅಂತ ಫ್ರೆಂಡ್ಸ್ ಹೇಳ್ತಾರೆ.

ಉತ್ತರ: ಒಗ್ಗಿದ್ದು ಕೆಲವೇ ವಾರಗಳಲ್ಲಿ ಹೋಗಿಬಿಡುತ್ತದೆ. ಹೋದ ವರ್ಷದ್ದು ಈಗ ಲೆಕ್ಕಕ್ಕಿಲ್ಲ. ನಿಮ್ಮ ದೇಹ ಎತ್ತರದಲ್ಲಿ ಹೇಗೆ ವರ್ತಿಸುತ್ತದೆ ಅಂತ ನಿಮಗೆ ಗೊತ್ತು, ಅದೊಂದು ಲಾಭ.

ಕರ್ಪೂರ ಮೂಗು ಬಿಡಿಸಿದ ಹಾಗೆ ಅನಿಸುತ್ತದೆ, ರಕ್ತದಲ್ಲಿ ಆಮ್ಲಜನಕ ಏರಿಸುವುದಿಲ್ಲ. ದೇವರ ಮುಂದೆ ಹಚ್ಚಿ, ಬ್ಯಾಗಲ್ಲಿ ಬೇಡ. ಬೆಳ್ಳುಳ್ಳಿ ಸೂಪ್ ರುಚಿಗೆ ಕುಡಿಯಿರಿ, ಔಷಧಿ ಅಂತಲ್ಲ.

ಡೈಮಾಕ್ಸ್, ಅಂದರೆ ಅಸೆಟಜೋಲಮೈಡ್, ಕೆಲಸ ಮಾಡುತ್ತದೆ. ರಕ್ತವನ್ನು ಸ್ವಲ್ಪ ಆಮ್ಲೀಯ ಮಾಡಿ ಉಸಿರಾಟ ಜಾಸ್ತಿ ಮಾಡಿಸುತ್ತದೆ. ಅಂದರೆ ದೇಹ ತಾನೇ ಮಾಡುವ ಕೆಲಸವನ್ನು ಬೇಗ ಮಾಡಿಸುತ್ತದೆ. ತಡೆಗಟ್ಟಲು ಸಾಮಾನ್ಯವಾಗಿ 125 ಮಿಲಿಗ್ರಾಂ, ದಿನಕ್ಕೆ ಎರಡು ಸಲ, ಹತ್ತಲು ಶುರುಮಾಡುವ ಹಿಂದಿನ ದಿನದಿಂದ. ಸಲ್ಫಾ ಅಲರ್ಜಿ ಇದ್ದರೆ, ಬೇರೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರಿಗೆ ಹೇಳಲೇಬೇಕು. ಊರಲ್ಲೇ ಎರಡು ದಿನ ನುಂಗಿ ನೋಡಿ. ಬೆರಳು ಜುಮ್ ಅನ್ನುತ್ತದೆ, ಸೋಡಾ ಸಪ್ಪೆ ಆಗುತ್ತದೆ, ಮೂತ್ರಕ್ಕೆ ಓಡುತ್ತಿರುತ್ತೀರಿ. ಮೈನಸ್ ಚಳಿಯಲ್ಲಿ ರಾತ್ರಿ ಮೂರು ಸಲ ಟೆಂಟಿನ ಜಿಪ್ ಎಳೆದು ಹೊರಗೆ ಹೋಗುವ ಕಷ್ಟ ಅನುಭವಿಸಿದವರಿಗೇ ಗೊತ್ತು. ಅಗಲ ಬಾಯಿಯ ಬಾಟಲಿ ಒಂದು ಟೆಂಟಲ್ಲಿ ಇಟ್ಟುಕೊಳ್ಳಿ. ನಗಬೇಡಿ. ಅದರ ಮೇಲೆ ದೊಡ್ಡದಾಗಿ ಗುರುತು ಹಾಕಿ, ಅಷ್ಟೇ.

ಮಾತ್ರೆ ನುಂಗಿದ್ದೇನೆ ಅಂತ ತಲೆನೋವು ಮುಚ್ಚಿಡಬೇಡಿ. ದಿನಾ ಸಂಜೆ ಊಟದ ಟೆಂಟಿನಲ್ಲಿ ಗೈಡ್ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ, ನಂಬರ್ ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ. ತಲೆನೋವು ಇದೆಯಾ, ವಾಂತಿ ಬರುವ ಹಾಗಿದೆಯಾ, ನಿದ್ದೆ ಬಂತಾ ಅಂತ ಕೇಳುತ್ತಾನೆ. ಎಲ್ಲರೂ ಸೂಪರ್ ಸೂಪರ್ ಅನ್ನುತ್ತಾರೆ. ಅವನು ನಿಮ್ಮ ಬಾಯಿ ನೋಡುವುದಿಲ್ಲ, ತಟ್ಟೆ ನೋಡುತ್ತಾನೆ. ಸೂಪು ಹಾಗೇ ಉಳಿದಿದ್ದರೆ ಅವನಿಗೆ ಗೊತ್ತಾಯಿತು ಅಂತ. ಹೆಜ್ಜೆ ತಪ್ಪುತ್ತಿದೆ ಅನಿಸಿದರೆ ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ನೇರ ಗೆರೆಯಲ್ಲಿ ನಡೆಸುತ್ತಾನೆ. ಓಲಾಡಿದರೆ, ಮಾತು ತೊದಲಿದರೆ ಮಿದುಳಲ್ಲಿ ನೀರು ತುಂಬುತ್ತಿರಬಹುದು. ಸುಮ್ನೆ ಕೂತಿದ್ದರೂ ಏದುಸಿರು, ಕೆಮ್ಮು ಇದ್ದರೆ ಶ್ವಾಸಕೋಶದಲ್ಲಿ. ಎರಡಕ್ಕೂ ಮದ್ದು ಕೆಳಗಿಳಿಯುವುದು. ರಾತ್ರಿ ಎರಡು ಗಂಟೆಯಾದರೂ ಆಗಲೇ ಇಳಿಯಬೇಕು, ಬೆಳಗಾಗಲಿ ಅಂತ ಕಾಯುವ ಹಾಗಿಲ್ಲ.

ಪ್ರಶ್ನೆ (ಶಿವಮೊಗ್ಗ): ನಮ್ಮ ಯಜಮಾನರಿಗೆ 56, ಬಿಪಿ ಮಾತ್ರೆ ಇದೆ. ನನಗೆ ಶುಗರ್. ಆಸೆ ಬಿಡಬೇಕಾ?

ಉತ್ತರ: ಬಿಡಬೇಕಿಲ್ಲ ಮೇಡಂ. ಹತೋಟಿಯಲ್ಲಿರುವ ಬಿಪಿ, ಶುಗರ್ ಇಟ್ಟುಕೊಂಡು ಹತ್ತಿದವರಿದ್ದಾರೆ. ಆದರೆ ಮೊದಲು ಡಾಕ್ಟರ್ ಹತ್ತಿರ ಹೋಗಿ, 5,895 ಮೀಟರ್ ಅಂತ ಅಂಕಿ ಹೇಳಿ. ಬರೀ ‘ಟ್ರೆಕ್ಕಿಂಗ್’ ಅಂದರೆ ಅವರು ನಂದಿ ಬೆಟ್ಟ ಅಂದುಕೊಳ್ಳುತ್ತಾರೆ. ಟಿಎಂಟಿ, ಅಂದರೆ ಟ್ರೆಡ್‌ಮಿಲ್ ಮೇಲೆ ನಡೆಸಿ ಮಾಡುವ ಹೃದಯ ಪರೀಕ್ಷೆ, ಬೇಕಾ ಅವರೇ ಹೇಳಲಿ. ಬಿಪಿ ಮಾತ್ರೆಯಲ್ಲಿ ಮೂತ್ರ ಹೆಚ್ಚಿಸುವಂಥದ್ದಿದ್ದರೆ ಡೈಮಾಕ್ಸ್ ಜೊತೆ ಹೊಂದುತ್ತದಾ ಕೇಳಿ. ನೀವು ಇನ್ಸುಲಿನ್ ತೆಗೆದುಕೊಳ್ಳುವವರಾದರೆ, ಅದು ಹೆಪ್ಪುಗಟ್ಟಿದರೆ ಕೆಲಸಕ್ಕೆ ಬಾರದು, ಮೈಗೆ ತಾಗಿಸಿ ಒಳಜೇಬಲ್ಲಿ ಇಟ್ಟುಕೊಳ್ಳಿ. ಚಳಿಗೆ ಗ್ಲುಕೋಮೀಟರ್ ಕೂಡ ತಪ್ಪು ತೋರಿಸಬಹುದು. ನಿಮ್ಮಿಬ್ಬರಿಗೆ 8 ದಿನಕ್ಕಿಂತ ಕಡಿಮೆಯದ್ದು ನಾನಂತೂ ಹೇಳುವುದಿಲ್ಲ.

ಪ್ರಶ್ನೆ (ಮಂಗಳೂರು): ತುದಿಗೆ ಹೋಗುವ ರಾತ್ರಿಗೆ ಬಟ್ಟೆ ಏನೇನು ಬೇಕು? ನಮ್ಮೂರಲ್ಲಿ ಸ್ವೆಟರ್ರೇ ಕಂಡಿಲ್ಲ 😄

ಉತ್ತರ: ತುದಿಗೆ ಮುಂಚಿನ ಕೊನೆಯ ಕ್ಯಾಂಪು ಬರಾಫುವಿನಿಂದ ರಾತ್ರಿ ಹನ್ನೆರಡರ ಸುಮಾರಿಗೆ ಹೊರಟರೆ 1,200 ಮೀಟರ್ ಏರಬೇಕು. ಆರರಿಂದ ಎಂಟು ಗಂಟೆ. ಚಳಿ ಮೈನಸ್ 10ರಿಂದ ಮೈನಸ್ 20, ಮೇಲೆ ಗಾಳಿ. ಹತ್ತಿ ಬಟ್ಟೆ ಒಂದೂ ಬೇಡ, ಬನಿಯನ್ ಕೂಡ. ಬೆವರು ಹೀರಿ ಒದ್ದೆಯಾಗಿ ಮೈಗೆ ಅಂಟಿ ಕೊರೆಯುತ್ತದೆ. ಒಳಗೆ ಥರ್ಮಲ್, ಮೇಲೆ ಫ್ಲೀಸ್, ಅದರ ಮೇಲೆ ಹಕ್ಕಿಪುಕ್ಕ ತುಂಬಿದ ದಪ್ಪ ಡೌನ್ ಜಾಕೆಟ್, ಎಲ್ಲಕ್ಕೂ ಮೇಲೆ ಗಾಳಿ-ಮಳೆ ತಡೆಯುವ ಜಾಕೆಟ್. ಕೈಗೆ ತೆಳು ಗ್ಲೌಸ್ ಮೇಲೆ ದಪ್ಪ ಮಿಟನ್. ಡೌನ್ ಜಾಕೆಟ್, ಸ್ಲೀಪಿಂಗ್ ಬ್ಯಾಗ್ ಬೆಟ್ಟದ ಬುಡದ ಮೋಶಿ ಪಟ್ಟಣದಲ್ಲಿ ಬಾಡಿಗೆಗೆ ಸಿಗುತ್ತವೆ, ಒಂದು ಸಲಕ್ಕೆ ಕೊಳ್ಳಬೇಡಿ. ಶೂ ಮಾತ್ರ ಸ್ವಂತದ್ದೇ ಇರಲಿ, ವಿಮಾನದಲ್ಲಿ ಕಾಲಿಗೇ ಹಾಕಿಕೊಂಡು ಹೋಗಿ. ಬ್ಯಾಗು ಕಳೆದರೆ ಬೇರೆಲ್ಲ ಬಾಡಿಗೆಗೆ ತರಬಹುದು.

ಕೊಳವೆ ಇರುವ ನೀರಿನ ಚೀಲ ಆ ರಾತ್ರಿ ನಂಬಬೇಡಿ, ಕೊಳವೆಯಲ್ಲಿ ನೀರು ಕಲ್ಲಾಗುತ್ತದೆ. ಬಾಟಲಿಗೆ ಬಿಸಿನೀರು ತುಂಬಿ ಕಾಲುಚೀಲದೊಳಗೆ ತೂರಿಸಿ, ತಲೆಕೆಳಗಾಗಿ ಇಡಿ. ನೀರು ಮೇಲಿನಿಂದ ಹೆಪ್ಪುಗಟ್ಟುತ್ತದೆ, ಮುಚ್ಚಳದ ಕಡೆ ಕೊನೆಗೆ. ಫೋನು, ಹೆಡ್‌ಲ್ಯಾಂಪಿನ ಹೆಚ್ಚುವರಿ ಬ್ಯಾಟರಿ ಎದೆಯ ಹತ್ತಿರದ ಜೇಬಲ್ಲಿ. ಇಲ್ಲದಿದ್ದರೆ ತುದಿಯ ಬೋರ್ಡಿನ ಮುಂದೆ ನಿಂತಾಗ ಫೋನ್ ಸತ್ತಿರುತ್ತದೆ.

ಬೆಳಕು ಹರಿಯುವ ಹೊತ್ತಿಗೆ ಸ್ಟೆಲ್ಲಾ ಪಾಯಿಂಟ್ ಸಿಗುತ್ತದೆ. ಅದೇ ತುದಿ ಅಂದುಕೊಂಡು ಕೂತುಬಿಡುತ್ತಾರೆ. ಅಲ್ಲಿಂದ ಉಹುರುಗೆ ಇನ್ನೂ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಇದೆ, ಮೊದಲೇ ಮನಸ್ಸಲ್ಲಿ ಇಟ್ಟುಕೊಳ್ಳಿ.

ಪ್ರಶ್ನೆ (ಉಡುಪಿ): ಶುದ್ಧ ಸಸ್ಯಾಹಾರಿ, ಮೊಟ್ಟೆಯೂ ಇಲ್ಲ. ಉಪವಾಸವಾ?

ಉತ್ತರ: ಇಲ್ಲಪ್ಪ. ಅನ್ನ, ಹುರುಳಿಕಾಯಿ ಪಲ್ಯ, ಬೀನ್ಸ್ ಕಾಳಿನ ಸಾರು, ತರಕಾರಿ ಸೂಪ್, ಬೆಣ್ಣೆಹಣ್ಣು ಎಲ್ಲ ಸಿಗುತ್ತದೆ. ಚಪಾತಿ ಅಲ್ಲಿನವರ ಊಟದಲ್ಲೂ ಇದೆ, ಹೆಸರೂ ಚಪಾತಿಯೇ. ಸಂಜೆ ಶುಂಠಿ ಚಹಾ ಜೊತೆ ಪಾಪ್‌ಕಾರ್ನ್. ಮೊಟ್ಟೆ ಬೇಡ ಅಂತ ಬುಕ್ ಮಾಡುವಾಗಲೇ ಬರೆದು ತಿಳಿಸಿ. ಮೇಲೆ ಹೋದಂತೆ ನಾಲಿಗೆ ಸತ್ತಂತಾಗುತ್ತದೆ, ಆಗ ನಿಂಬೆ ಉಪ್ಪಿನಕಾಯಿ, ಚಟ್ನಿಪುಡಿ ಕೈಹಿಡಿಯುತ್ತವೆ. ಚಿಕ್ಕಿ ಒಯ್ಯಿರಿ. ಪ್ಲಾಸ್ಟಿಕ್ ಕವರ್‌ನಲ್ಲಿ ಕಟ್ಟಿಕೊಂಡು ಹೋಗಬೇಡಿ, 2019ರ ಜೂನ್‌ನಿಂದ ಟಾಂಜಾನಿಯಾದಲ್ಲಿ ಪ್ಲಾಸ್ಟಿಕ್ ಕೈಚೀಲ ನಿಷೇಧ. ಬಳಸಿ ಬಿಸಾಡುವ ನೀರಿನ ಬಾಟಲಿಯನ್ನೂ ಪಾರ್ಕಿನೊಳಗೆ ಬಿಡುವುದಿಲ್ಲ.

ಪ್ರಶ್ನೆ (ತುಮಕೂರು): ಯಾವ ತಿಂಗಳು? ಹಳದಿ ಜ್ವರದ ಇಂಜೆಕ್ಷನ್ ಬೇಕಾ?

ಉತ್ತರ: ಜನವರಿಯಿಂದ ಮಾರ್ಚ್ ಮೊದಲ ಭಾಗ, ಇಲ್ಲವೇ ಜೂನ್ ಕೊನೆಯಿಂದ ಅಕ್ಟೋಬರ್. ಏಪ್ರಿಲ್-ಮೇ ದೊಡ್ಡ ಮಳೆ.

ಇಂಜೆಕ್ಷನ್ ಹಾಕಿಸಿಕೊಂಡುಬಿಡಿ. ಬೆಂಗಳೂರಿನಿಂದ ನೇರ ವಿಮಾನ ಇಲ್ಲ, ಎಷ್ಟೋ ಜನ ಇಥಿಯೋಪಿಯಾ ಅಥವಾ ಕೀನ್ಯಾ ಮೂಲಕ ಹೋಗುತ್ತಾರೆ. ಎರಡೂ ಹಳದಿ ಜ್ವರದ ದೇಶಗಳು. ಹಿಂದಿರುಗುವಾಗ ಲಸಿಕೆ ಪತ್ರ ಇಲ್ಲದಿದ್ದರೆ ನಮ್ಮ ವಿಮಾನ ನಿಲ್ದಾಣದಲ್ಲೇ ತಡೆದು 6 ದಿನದವರೆಗೆ ಪ್ರತ್ಯೇಕ ಇಡುವ ಅಧಿಕಾರ ಅಲ್ಲಿನ ಆರೋಗ್ಯಾಧಿಕಾರಿಗಳಿಗಿದೆ. ಸರ್ಕಾರ ಗುರುತಿಸಿದ ಕೇಂದ್ರದಲ್ಲೇ ಹಾಕಿಸಬೇಕು. ಪತ್ರ ಊರ್ಜಿತವಾಗುವುದು 10 ದಿನದ ನಂತರ, ಆಮೇಲೆ ಜೀವನಪೂರ್ತಿ. 60 ದಾಟಿದವರು, ಮೊಟ್ಟೆ ಅಲರ್ಜಿ ಇರುವವರು ಮೊದಲು ಡಾಕ್ಟರನ್ನು ಕೇಳಿ. ಮೋಶಿ, ಅರುಷಾ ಕಡೆ ಮಲೇರಿಯಾ ಇದೆ, ಅದಕ್ಕೂ ಮಾತ್ರೆ ಬರೆಸಿಕೊಳ್ಳಿ.

ಪ್ರಶ್ನೆ (ಹೆಸರು ಬೇಡ): ಮುಟ್ಟಿನ ದಿನ ಬಂದರೆ? ಶೌಚಾಲಯ ಹೇಗಿರುತ್ತದೆ?

ಉತ್ತರ: ಕ್ಯಾಂಪುಗಳಲ್ಲಿ ಗುಂಡಿ ಕಕ್ಕಸು ಇರುತ್ತದೆ, ವಾಸನೆಗೆ ತಯಾರಾಗಿರಿ. ಸ್ವಲ್ಪ ಹೆಚ್ಚಿಗೆ ಕೊಟ್ಟರೆ ತಂಡಕ್ಕೇ ಪುಟ್ಟ ಟೆಂಟ್ ಟಾಯ್ಲೆಟ್ ತರುತ್ತಾರೆ, ನಾಲ್ಕೈದು ಹೆಂಗಸರಿದ್ದರೆ ಖಂಡಿತ ತೆಗೆದುಕೊಳ್ಳಿ. ಮುಟ್ಟಾದರೆ ಹತ್ತಲು ಅಡ್ಡಿ ಏನಿಲ್ಲ. ಓಡಾಟ, ಎತ್ತರದಿಂದ ದಿನ ಹಿಂದೆಮುಂದೆ ಆಗಬಹುದು, ಆದ್ದರಿಂದ ಲೆಕ್ಕ ನಂಬದೆ ಪ್ಯಾಡ್ ಒಯ್ಯಿರಿ. ಬಳಸಿದ್ದನ್ನು ಹಾಕಲು ಗಟ್ಟಿ ಮುಚ್ಚಳದ ಡಬ್ಬಿ ಇರಲಿ, ಅಲ್ಲಿ ಬಿಸಾಡುವಂತಿಲ್ಲ.

ಪ್ರಶ್ನೆ (ಬೆಳಗಾವಿ): ಗೈಡ್ ವಾಪಸ್ ಇಳಿ ಅಂದ್ರ ರೊಕ್ಕ ವಾಪಸ್ ಕೊಡ್ತಾರೇನ್ರಿ?

ಉತ್ತರ: ಇಲ್ಲ. ಪಾರ್ಕಿಗೆ ಕಟ್ಟಿದ್ದು ಕಟ್ಟಿದ ಹಾಗೇ. ಆ ಹೊತ್ತಲ್ಲಿ ವಾದ ಮಾಡಿದರೆ ಗೈಡ್ ಕೇಳುವುದೂ ಇಲ್ಲ, ಕೇಳಲೂಬಾರದು. ಆಮ್ಲಜನಕದ ಸಿಲಿಂಡರ್ ಅವನ ಹತ್ತಿರ ಇರುತ್ತದೆ, ಅದು ಇಳಿಸಲು, ಹತ್ತಿಸಲು ಅಲ್ಲ. ನೀವು ನೋಡಿಕೊಳ್ಳಬೇಕಾದದ್ದು ವಿಮೆ. ಪಾಲಿಸಿಯಲ್ಲಿ 6,000 ಮೀಟರ್‌ವರೆಗಿನ ಟ್ರೆಕ್ಕಿಂಗ್ ಮತ್ತು ಹೆಲಿಕಾಪ್ಟರ್‌ನಲ್ಲಿ ಇಳಿಸುವ ಖರ್ಚು ಎರಡೂ ಬರೆದಿರಬೇಕು. ಮಾಮೂಲಿ ಪ್ರವಾಸ ವಿಮೆಗಳಲ್ಲಿ ಎತ್ತರದ ಮಿತಿ ಸಣ್ಣ ಅಕ್ಷರದಲ್ಲಿ ಇರುತ್ತದೆ. ದುಡ್ಡು ಕಟ್ಟುವ ಮೊದಲು ಕಂಪನಿಗೆ ಮೇಲ್ ಮಾಡಿ, ಉತ್ತರ ಬರಹದಲ್ಲಿ ತರಿಸಿಕೊಂಡು, ಅದರ ಒಂದು ಪ್ರತಿ ಗೈಡ್ ಕೈಯಲ್ಲೂ ಇಡಿ.