ಮನೆಯಲ್ಲಿ ಕಾಯಿಲೆ ಇರುವಾಗ ಮಗಳ ಟ್ಯಾಬ್ ಆಟಕ್ಕೆ ಎಷ್ಟು ಬಿಡಬೇಕು?

ಪ್ರಶ್ನೆ

ನನ್ನ ಹೆಂಡತಿಗೆ ಕೀಮೋ ನಡೆಯುತ್ತಿದೆ. ಒಂಬತ್ತು ವರ್ಷದ ಮಗಳು ಶಾಲೆಯಿಂದ ಬಂದವಳೇ ಟ್ಯಾಬ್ ಹಿಡಿದು ಮೈನ್‌ಕ್ರಾಫ್ಟ್ (ಚೌಕ ತುಂಡುಗಳನ್ನು ಜೋಡಿಸಿ ಮನೆ ಕಟ್ಟುವ ಆಟ) ಆಡುತ್ತಾಳೆ. ಮೊದಲಿಗಿಂತ ಈಗ ಜಾಸ್ತಿ. ಮನೆಗೆ ಬಂದವರೆಲ್ಲ "ಮಗೂನ ಹೀಗೆ ಬಿಟ್ಟುಬಿಟ್ಟಿದ್ದೀರಲ್ಲ" ಎನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ.

ನಿನ್ನೆ ಪಕ್ಕದಲ್ಲಿ ಕೂತು ನೋಡಿದೆ. ಆಟದಲ್ಲಿ ದೊಡ್ಡ ಮನೆ ಕಟ್ಟಿದ್ದಾಳೆ. ಅಷ್ಟು ಕೋಣೆಗಳಿದ್ದರೂ ಮೂರು ಹಾಸಿಗೆ ಒಂದೇ ಕಡೆ, ಒತ್ತೊತ್ತಾಗಿ. ಗೋಡೆ, ನೆಲ, ಮೆಟ್ಟಿಲು, ಎಲ್ಲಿ ನೋಡಿದರೂ ಪಂಜು. "ಇಷ್ಟೊಂದು ಯಾಕೆ?" ಎಂದೆ. "ಕತ್ತಲಿದ್ದರೆ ಮಾನ್‌ಸ್ಟರ್ ಹುಟ್ಟುತ್ತೆ ಅಪ್ಪಾ, ಬೆಳಕಿದ್ದರೆ ಹುಟ್ಟಲ್ಲ" ಎಂದಳು. ಆಮೇಲೆ ತಾನಾಗಿಯೇ, ಪರದೆಯಿಂದ ಕಣ್ಣು ತೆಗೆಯದೆ, "ಅಮ್ಮನ ಕೂದಲು ಮತ್ತೆ ಬರುತ್ತೆ ಅಲ್ವಾ?" ಎಂದು ಕೇಳಿದಳು. ಎದುರು ಕೂರಿಸಿಕೊಂಡು ಕೇಳಿದಾಗ ಒಮ್ಮೆಯೂ ಬಾಯಿ ಬಿಟ್ಟವಳಲ್ಲ.

ಎಷ್ಟು ಬಿಡಬೇಕು, ಎಲ್ಲಿ ತಡೆಯಬೇಕು? ಇಂಥ ದಿನ ಕಂಡವರು ಹೇಳಿ.

ಉತ್ತರ 1

ಟ್ಯಾಬ್ ಕಿತ್ತುಕೊಳ್ಳಬೇಡಿ, ದಯವಿಟ್ಟು. 2020ರಲ್ಲಿ ಶಾಲೆ ಮುಚ್ಚಿತ್ತು, ನನ್ನ ಗಂಡನ ಕೆಲಸವೂ ಹೋಗಿತ್ತು. ಮಗ ಆಟದಲ್ಲೇ ಇದ್ದ. "ನನಗೂ ಕಲಿಸು" ಎಂದು ಅವರು ಪಕ್ಕ ಕೂತರು. ಮನೆಯಲ್ಲಿ ಯಾವುದೂ ನಮ್ಮ ಕೈಯಲ್ಲಿಲ್ಲದ ಹೊತ್ತಲ್ಲಿ ಅವನು ಅಪ್ಪನಿಗೇ ಮೇಷ್ಟ್ರಾದ. ಆ ಖುಷಿ ಇಬ್ಬರಿಗೂ ಬೇಕಿತ್ತು.

ಉತ್ತರ 2

ನಾನು ಮಕ್ಕಳ ಆಪ್ತಸಮಾಲೋಚಕಿ. ದಿನಕ್ಕೆ ಒಂದೇ ಗಂಟೆ ಎಂದು ಜನ ಹೇಳುತ್ತಾರಲ್ಲ, ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅದನ್ನು ಹೇಳಿದ್ದು ಎರಡರಿಂದ ನಾಲ್ಕು ವರ್ಷದವರಿಗೆ. 5ರಿಂದ 17 ವರ್ಷದವರಿಗೆ 2020ರಲ್ಲಿ ಹೇಳಿದ್ದು ಬೇರೆ: ದಿನಕ್ಕೆ ಸರಾಸರಿ 60 ನಿಮಿಷ ಮೈ ದಣಿಯುವ ಚಟುವಟಿಕೆ ಇರಲಿ, ಪರದೆ ಮುಂದೆ ಕೂರುವುದು ಮಿತಿಯಲ್ಲಿರಲಿ. ಇಂತಿಷ್ಟೇ ಗಂಟೆ ಎಂದಿಲ್ಲ. ನೀವು ನಿದ್ದೆ, ಊಟ, ಗೆಳತಿಯರ ಜೊತೆ ಮಾತು ಇವನ್ನು ಗಮನಿಸಿ. ಮೂರೂ ಸರಿ ಇದ್ದರೆ ಗಡಿಯಾರ ಹಿಡಿದು ಕೂರಬೇಡಿ. ರಾತ್ರಿ ಟ್ಯಾಬ್ ಮಾತ್ರ ಅವಳ ಕೋಣೆಯಲ್ಲಿ ಬೇಡ.

ಹಾಸಿಗೆ, ಪಂಜುಗಳಿಗೆ ನೀವಾಗಿ ಅರ್ಥ ಹಚ್ಚಿ ಅವಳಿಗೆ ಹೇಳಬೇಡಿ. ಕೇಳಿದ ಪ್ರಶ್ನೆಗೆ ಮಾತ್ರ, ಚಿಕ್ಕದಾಗಿ, ನಿಜವನ್ನೇ ಹೇಳಿ.

ಉತ್ತರ 3

ಒಪ್ಪುತ್ತೇನೆ, ಆದರೆ ಎಲ್ಲ ಆಟವೂ ಒಂದೇ ಅಲ್ಲ. ಕಟ್ಟುವ ಆಟ ಬೇರೆ, ದುಡ್ಡು ಕೊಟ್ಟು, ಒಳಗೇನಿದೆ ಎಂದು ಗೊತ್ತಿಲ್ಲದ ಪೆಟ್ಟಿಗೆ ತೆರೆಯುವ ಆಟ ಬೇರೆ, ಒಂದರ ಹಿಂದೊಂದು ತಾನೇ ಓಡುವ ವಿಡಿಯೋ ಇನ್ನೂ ಬೇರೆ. ಅಪರಿಚಿತರು ಸೇರುವ ಸರ್ವರ್ (ಆನ್‌ಲೈನಿನಲ್ಲಿ ಎಲ್ಲರೂ ಕೂಡಿ ಆಡುವ ಜಾಗ) ಇದೆಯಾ ನೋಡಿ, ಚಾಟ್ ಮುಚ್ಚಿ. ನಿಲ್ಲಿಸಲು ಹೇಳುವಾಗ "ಐದು ನಿಮಿಷ" ಎನ್ನುವ ಬದಲು "ಈ ಗೋಡೆ ಮುಗಿಸಿ ಬಾ" ಎನ್ನಿ. ನಮ್ಮಲ್ಲಿ ಜಗಳ ಅರ್ಧಕ್ಕರ್ಧ ಇಳಿಯಿತು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಮನಸಾರೆ ಧನ್ಯವಾದ. ಚಾಟ್ ಮುಚ್ಚಿದೆ. ಹೆಂಡತಿಯ ಫೋನಿಗೂ ಆಟ ಹಾಕಿದೆ, ಒಂದೇ ವೈ-ಫೈನಲ್ಲಿದ್ದರೆ ಇಬ್ಬರೂ ಜೊತೆಗೆ ಆಡಬಹುದು. ಔಷಧಿಯಿಂದ ಅವಳ ಬೆರಳು ಜೋಮು ಹಿಡಿಯುತ್ತದೆ, ಬೇಗ ಸುಸ್ತಾಗುತ್ತಾಳೆ. ಅದಕ್ಕೇ ಅಮ್ಮನಿಗೆ ಗೋಧಿ ಬಿತ್ತುವ ಕೆಲಸ ಮಾತ್ರ ಎಂದು ಮಗಳೇ ತೀರ್ಮಾನಿಸಿದ್ದಾಳೆ. ಬೆರಳಿಗೆ ಇದಕ್ಕಿಂತ ಸುಲಭವಾದ, ಸರದಿಯ ಮೇಲೆ ಆಡುವ ಆಟ ಗೊತ್ತಿದ್ದರೆ ತಿಳಿಸಿ.