ಕಸದ ಚೀಲದ ಫೋಟೋ

ಗುಂಪು: ಕೃಷಿ ಕಾಲೇಜು ಹಳಬರು

ಮಂಜ: (ಹಲವು ಬಾರಿ ಫಾರ್ವರ್ಡ್ ಆಗಿದೆ) ಅಮೆರಿಕದ ಕರಾಳ ಮುಖ!! ನಾರ್ತ್ ಕರೊಲಿನಾದ ಹೊಗೆಸೊಪ್ಪಿನ ಹೊಲದಲ್ಲಿ ಮೆಕ್ಸಿಕೋ ಕೂಲಿಗಳಿಗೆ ಕಸದ ಚೀಲ ತೊಡಿಸಿ ದುಡಿಸುತ್ತಾರೆ. ಕೀಟನಾಶಕ ಮೈಗೇರಿ ವಾಂತಿ ಮಾಡಿಕೊಂಡರೂ ಕೇಳುವವರಿಲ್ಲ. ಎಲ್ಲ ಗುಂಪಿಗೂ ಕಳಿಸಿ 🙏

ಬಸಣ್ಣ: ಛೇ. ದುಡಿಯೋರಿಗೆ ಕಸದ ಚೀಲವೇ? ಬಡವರ ಶಾಪ ತಟ್ಟದೇ ಬಿಡಲ್ಲ.

ನಾಗೇಶ: ಮೂಲ ಎಲ್ಲಿ? ಫೋಟೋ ಯಾವ ವರ್ಷದ್ದು? ಬೇವಿನೆಣ್ಣೆಗೆ ಸಕ್ಕರೆ ಕಾಯಿಲೆ ವಾಸಿ ಅಂತ ಹಾಕಿದ್ದೂ ನೀನೇ ಅಲ್ವಾ ಮಂಜ?

ಮಂಜ: ಅದು ಶೇಖರ ಹಾಕಿದ್ದು. ನಾನು ಕೈ ಮುಗಿದಿದ್ದೆ ಅಷ್ಟೆ.

ರಾಲಿ ಸುಮಾ: ಇಲ್ಲಿ ನಾರ್ತ್ ಕರೊಲಿನಾದಲ್ಲಿ ಚೀಲಕ್ಕೆ ತಲೆ, ತೋಳಿನ ತೂತು ಮಾಡಿ ಅವರೇ ಹಾಕ್ಕೊಳ್ಳೋದು. ಮಳೆಕೋಟು ಕೊಡದ ಕಡೆ ಅದೇ ಗತಿ. ವಾಂತಿ ಆಗೋದು ಬಹಳ ಸಲ ಎಲೆ ಮೇಲಿನ ಇಬ್ಬನಿಯಿಂದ. ಸೊಪ್ಪಿನ ನಿಕೋಟಿನ್ ನೀರಲ್ಲಿ ಕರಗುತ್ತೆ, 100 ಮಿ.ಲೀ. ಇಬ್ಬನಿಯಲ್ಲಿ 9 ಮಿ.ಗ್ರಾಂ. ತನಕ ಸಿಕ್ಕಿದ್ದಿದೆ. ಕಿತ್ತ ಸೊಪ್ಪನ್ನ ಕಂಕುಳಲ್ಲಿ ಅವಚಿಕೊಂಡು ಸಾಲು ಮುಗಿಸೋ ಹೊತ್ತಿಗೆ ಅಂಗಿ ತೊಯ್ದು ಚರ್ಮದಿಂದ ಒಳಗಿಳಿಯುತ್ತೆ. ತಲೆಸುತ್ತು, ವಾಕರಿಕೆ ಶುರುವಾಗೋದು 3ರಿಂದ 17 ಗಂಟೆ ಕಳೆದ ಮೇಲೆ. ಹಂಗಾಗಿ ರಾತ್ರಿ ಊಟದ ಮೇಲೆ ಗೂಬೆ ಕೂರಿಸ್ತಾರೆ.

ನಾಗೇಶ: ಇದಕ್ಕೆ ಮೂಲ?

ರಾಲಿ ಸುಮಾ: ಈ ಕಾಯಿಲೇನ 1970ರಲ್ಲೇ ಫ್ಲಾರಿಡಾದಲ್ಲಿ ಗುರುತಿಸಿದ್ರು. 1992ರ ಕೆಂಟಕಿ ಪ್ರಕರಣಗಳ ಬಗ್ಗೆ ಸಿಡಿಸಿ (ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ) ವರದಿ ಓದು.

ಹುಣಸೂರು ಶಿವಣ್ಣ: ಆರ್ಗನೋಫಾಸ್ಫೇಟ್ ಅನ್ನೋ ಬಗೆಯ ಕೀಟನಾಶಕದ ವಿಷ ಆದ್ರೆ ಸಾಮಾನ್ಯವಾಗಿ ಕಣ್ಣಿನ ಪಾಪೆ ಸೂಜಿಮೊನೆ ಆಗುತ್ತೆ, ರಕ್ತದಲ್ಲಿ ಕೋಲಿನೆಸ್ಟರೇಸ್ ಅನ್ನೋ ಕಿಣ್ವ ಇಳಿಯುತ್ತೆ. ಸೊಪ್ಪಿನದಾದ್ರೆ ಅದು ಇಳಿಯಲ್ಲ, ಮೂತ್ರದಲ್ಲಿ ಕೋಟಿನಿನ್ (ನಿಕೋಟಿನ್ ಮೈಯಲ್ಲಿ ಒಡೆದು ಆಗೋದು) ಸಿಗುತ್ತೆ. ಒದ್ದೆ ಸೊಪ್ಪು ಕಿತ್ತಿದ್ದು ಡಾಕ್ಟರಿಗೆ ಹೇಳದಿದ್ರೆ ಎರಡೂ ಒಂದೇ ಥರ ಕಾಣುತ್ತೆ. ನಮ್ಮ ಹುಣಸೂರು, ಪಿರಿಯಾಪಟ್ಟಣದಲ್ಲೂ ಅದೇ ವರ್ಜೀನಿಯಾ ಹೊಗೆಸೊಪ್ಪು, ಮಳೆಗಾಲದಲ್ಲೇ ಕೀಳೋದು. ಅಮೆರಿಕಕ್ಕೆ ಮರುಗೋರು ಇತ್ಲಾಗೂ ಒಂಚೂರು ನೋಡಿ.

ಬಸಣ್ಣ: ಹಾಗಾದ್ರೆ ಚೀಲ ಒಳ್ಳೇದೇ. ನಾನೂ ಅದನ್ನೇ ಹೇಳಿದ್ದು.

ನಾಗೇಶ: ಮೇಲೆ ಹೋಗಿ ಓದ್ಕೊಳ್ಳಿ ಬಸಣ್ಣ.

ರಾಲಿ ಸುಮಾ: ಬೆಳಿಗ್ಗೆಗೆ ಸರಿ. ಬಿಸಿಲೇರಿದ ಮೇಲೂ ಹಾಕ್ಕೊಂಡಿದ್ರೆ ಬೆವರು ಆರಲ್ಲ, ಮೈ ಕಾಯುತ್ತೆ. ಮಾತು ತೊದಲಿದ್ರೆ, ದಿಕ್ಕು ತಪ್ಪಿದಂಗೆ ಆಡಿದ್ರೆ ಚೀಲ ಹರಿದು, ನೆರಳಿಗೆಳೆದು, ಮೈಗೆಲ್ಲ ತಣ್ಣೀರು ಸುರಿದು ಗಾಳಿ ಹಾಕ್ಬೇಕು, ಇಲ್ಲಿನ ತುರ್ತು ನಂಬರ್ 911ಕ್ಕೆ ಫೋನ್ ಮಾಡ್ಬೇಕು. ಎಲೆ ಒಣಗಿದ ಕೂಡ್ಲೇ ಚೀಲ ತೆಗೆದು ಒಣ ಅಂಗಿ ಹಾಕ್ಕೋಬೇಕು. ತುಂಬುತೋಳು, ಕೈಗವಸು ಮಾತ್ರ ಇರ್ಲೇಬೇಕು. ಸಾಲಿನ ತುದೀಲಿ ಸೋಪು ನೀರು ಬೇಕು. ಇಬ್ಬನಿ ಆರೋವರೆಗೆ ಹೊಲಕ್ಕೆ ಇಳಿಸದಿದ್ರೆ ಇಷ್ಟೆಲ್ಲ ರಗಳೆಯೇ ಇಲ್ಲ. ಎಚ್-2ಎ ಅನ್ನೋ ತಾತ್ಕಾಲಿಕ ಕೃಷಿ ಕೂಲಿ ವೀಸಾದಲ್ಲಿ ಬಂದವನು ಕರೆಸಿದ ಯಜಮಾನನಿಗೆ ಕಟ್ಟುಬಿದ್ದಿರ್ತಾನೆ, 'ಸೊಪ್ಪು ಇನ್ನೂ ಒದ್ದೆ' ಅಂತ ಬಾಯಿ ಬಿಡ್ತಾನಾ?

ಶೇಖರ: ಹುಣಸೂರು ಅಂದ್ರೆ ಹಾಸ್ಟೆಲ್ ಮೆಸ್ಸಿನ ಉಪ್ಸಾರು ನೆನಪಾಯ್ತು ಕಣ್ರೋ 😋

ಮಂಜ: ಉಪ್ಸಾರಿನ ಲೆಕ್ಕ ಕೊಡದ ಮೆಸ್ ಸೆಕ್ರೆಟರಿ ನಾಗೇಶ ಇಲ್ಲೇ ಇದ್ದಾನಲ್ಲ.

ನಾಗೇಶ: ಲೆಕ್ಕ ಆವತ್ತೇ ಬೋರ್ಡಿಗೆ ಅಂಟಿಸಿದ್ದೆ. ನೀನು ಮೊದಲು ಆ ಫಾರ್ವರ್ಡ್ ಅಳಿಸು.

ಮಂಜ: ಅಂಟಿಸಿದ್ದಕ್ಕೆ ಮೂಲ?